ಹತ್ತು ಸೆಂಟು

ಎಂಟು ವರ್ಷ ಕಂಡವರ ಪ್ಲಾಸ್ಟಿಕ್ಕಿನ ಅಡಿಯಲ್ಲಿ
ಗುಲಾಬಿ ಕೊಯ್ದವಳು ನಾನು.
ಎಷ್ಟುದ್ದದ ಕಡ್ಡಿಗೆ ಎಷ್ಟು ಕಾಸೆಂದು ಬಲ್ಲೆ.
ಜನವರಿ ಕೊನೆಗೆ, ಯಾರ್ಯಾರದೋ ಪ್ರೀತಿಗಾಗಿ,
ರಾತ್ರಿ ಹನ್ನೊಂದರವರೆಗೆ ಮುಳ್ಳು ತೆಗೆಯುತ್ತ ನಿಂತಿದ್ದೇನೆ.
ಆ ಸೂರಿನ ಕೆಳಗಿನ ನೆಲ
ಮೊದಲು ಏನಾಗಿತ್ತೆಂದು ಒಂದು ದಿನವೂ ಕೇಳಲಿಲ್ಲ.

ಈಗ ತಳಿಯಿಂದಾಚೆ ನಮ್ಮದೇ ಹತ್ತು ಸೆಂಟು.
ರಾಗಿ ಕೂಳೆ ಕಿತ್ತಾಯಿತು, ಗರಿಕೆಯ ಬೇರು ಆರಿಸಿದ್ದಾಯಿತು.
‘ಮಟ್ಟವಾಗೇ ಐತೆ ಬಿಡಕ್ಕ, ಕಣ ಇದ್ದಂಗೈತೆ’
ಅಂದ ಚೊಕ್ಕಣ್ಣ. ನನಗೂ ಹಾಗೇ ಕಂಡಿತ್ತು.
ಕೊಳವೆಗೆ ನೀರು ತುಂಬಿ
ಆ ತುದಿ ಅವನು, ಈ ತುದಿ ನಾನು ಹಿಡಿದು ನಿಂತೆವು.
ನೀರು ಅತ್ತ ತೂಗಿತು, ಇತ್ತ ತೂಗಿತು,
ಕೊನೆಗೆ ನಿಂತು ಹೇಳಿತು:
ಬಡಗಣ ಮೂಲೆಗೆ ಒಂದೂವರೆ ಅಡಿ ಇಳಿಜಾರು.

ಅತ್ತೆ ಬದುವಿನ ಮೇಲೆ ಹುಣಸೆಬೀಜ ಬಿಡಿಸುತ್ತ
ತಲೆಯೆತ್ತದೆ ಅಂದಳು:
‘ಆ ಮೂಲೆ ರಾಗಿ ಯಾವತ್ತೂ ಒಂದು ವಾರ ತಡ.
ಅದಕ್ಕೆ ಕೊಳವೆ ಯಾಕೆ ಬೇಕಿತ್ತು?
ನನ್ನ ಕೇಳಿದ್ದರೆ ಆಗ್ತಿರಲಿಲ್ವ?’

ಬೇರಿಕೆಯ ಜೆಸಿಬಿಯವನು
ಗಂಟೆಗೆ ಸಾವಿರದ ಇನ್ನೂರು ಅಂದ, ತೆಲುಗಿನಲ್ಲಿ.
ನಾನು ಎಂಟುನೂರು ಅಂದೆ, ಕನ್ನಡದಲ್ಲಿ.
ಇಬ್ಬರೂ ತಮಿಳಿನಲ್ಲಿ ಸಾವಿರಕ್ಕೆ ಒಪ್ಪಿದೆವು.
ಮೇಲ್ಮಣ್ಣು ಮೊದಲು ಒಂದು ಕಡೆ ಗುಡ್ಡೆ ಹಾಕು,
ಅದರ ಕೆಳಗಿನದನ್ನು ಮಟ್ಟ ಮಾಡು,
ಆಮೇಲೆ ಮೇಲಿನದನ್ನು ಮೇಲಕ್ಕೇ ಹರಡು ಅಂದರೆ
‘ಮಣ್ಣು ಮಣ್ಣೇ ತಾನೇ’ ಅಂತ ನಕ್ಕ.
ಎರಡು ಬೊಗಸೆ ಹಿಡಿದು ತೋರಿಸಿದೆ,
ಒಂದು ಕರಗುವ ಕೆಂಪು, ಒಂದು ಉಗುರಿಗೆ ಬಗ್ಗದ ಹಳದಿ.
ಸುಮ್ಮನೆ ಗೇರು ಬದಲಿಸಿದ.

ತೆಂಕಣ ಬದುವಿನಲ್ಲಿ ಪಿಳ್ಳಣ್ಣನ ಹುಣಸೆ.
ಈಗ ನಡುಹಗಲು ಅದರ ನೆರಳು ಅದರ ಕಾಲಡಿಗೇ ಮುದುಡಿರುತ್ತದೆ,
ನೋಡಿ ಮೋಸ ಹೋಗಬಾರದು.
ಹೋದ ಪುಷ್ಯದಲ್ಲಿ ಅದು ಎಲ್ಲಿವರೆಗೆ ಕೈಚಾಚಿತ್ತೋ
ಅಲ್ಲಿ ನಾನು ದನ ಕಟ್ಟುತ್ತಿದ್ದೆ, ಗೂಟದ ಗುಳಿ ಇನ್ನೂ ಇದೆ.
ಕಡಿಸಿಬಿಡು ಎಂದರು ಇಬ್ಬರು.
ಹನ್ನೊಂದು ಅಡಿ ಹಿಂದೆ ಸರಿದೆವು.
ಒಂದು ಮಡಿ ಕಡಿಮೆಯಾಯಿತು. ಸಾರಿಗೆ ಹುಣಸೆ ಬೇಕಲ್ಲ.

ಮೂರಡಿ, ನಾಲ್ಕಡಿ, ಕರ್ಣಕ್ಕೆ ಐದಡಿ
ಹಗ್ಗ ಹಿಡಿದು ಮೂಲೆ ಕೂಡಿಸಿದೆವು.
ಸಂಜೆ ಕರು ದಾರಕ್ಕೆ ಸಿಕ್ಕಿಕೊಂಡು
ನಾಲ್ಕು ಗೂಟವನ್ನೂ ಊರೊಳಗೆ ಎಳೆದುಕೊಂಡು ಹೋಯಿತು.
ಮತ್ತೆ ಮೂರು, ಮತ್ತೆ ನಾಲ್ಕು, ಮತ್ತೆ ಐದು.
ಬಾಗಿಲಿಗೆ ಗುರುತು ಹಾಕುವ ಮೊದಲೇ
ಹೊರಗೆ ಗಡಿಗೆಗೊಂದು ಜಾಗ ಗೀಚಿದೆ,
ಕೂರಲು ಒಂದು ಹಾಸುಗಲ್ಲು.
ಎಂಟು ವರ್ಷ ನಮಗೆ ಎರಡೂ ಇರಲಿಲ್ಲ.

ಸೇಲಂನಿಂದ ಕದಿರೇಶನ್ ಫೋನು:
ಪೈಪು ಲೋಡಾಗಿದೆ, ನಾಳೆ ಬಂದು ಗುಂಡಿ ತೋಡಲಾ?
ಬೇಡ, ಭರಣಿ ಮಳೆ ಬರಲಿ, ಅಂದೆ.
ನೀರು ಎಲ್ಲಿ ನಿಲ್ಲುತ್ತದೆ ನೋಡಬೇಕು,
ಸಡಿಲ ಮಣ್ಣು ಒಂದು ಸಲ ಕೂರಬೇಕು.
ಸರಿಯೇ ಅಂದ. ಕಾರಣಗಳು ಸುಳ್ಳಲ್ಲ.

ಹೇಳದೆ ಉಳಿದದ್ದು ಇದು:
ಕಂಪನಿಯ ಸೂರಿನ ಮೇಲೆ ಮಳೆ ಅಬ್ಬರಿಸುವಾಗ
ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.
ಕಾಲ ಕೆಳಗೆ ಮಾತ್ರ ಓಣಿಯ ಧೂಳು
ಹಾಗೇ ಬೆಚ್ಚಗೆ, ಬೆರಳ ಸಂದಿಯಲ್ಲಿ.
ಡ್ರಿಪ್ಪಿನ ತೊಟ್ಟು ಲೆಕ್ಕವಿಟ್ಟು ಬೀಳುತ್ತಿತ್ತು ಬುಡಕ್ಕೆ.

ಗುರುವಾರ ಮಧ್ಯಾಹ್ನ ಬಂತು, ನಲವತ್ತು ನಿಮಿಷ,
ಮೊದಲು ಧೂಳು ಹಾರಿಸಿ, ಆಮೇಲೆ ಓರೆಯಾಗಿ, ಆಮೇಲೆ ನೆಟ್ಟಗೆ.
ನೀರು ನಿಂತ ಎರಡು ಕಡೆ ಕಡ್ಡಿ ನೆಟ್ಟೆ.
ಅತ್ತೆ ಸೆರಗು ತಲೆಗೆ ಹಾಕಿಕೊಂಡು
ಬಡಗಣ ಮೂಲೆಯಲ್ಲಿ ನಿಂತೇ ಇದ್ದಳು,
ಕೆಸರು ಕಾಲಿನ ಗಂಟಿನವರೆಗೆ.
‘ಒಳಗೆ ಬಾ’ ಅಂತ ಕೂಗಿದೆ.
‘ಇದೂ ಒಳಗೇ ತಾನೇ ಇನ್ನು ಮೇಲೆ’ ಅಂದಳು.

ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಬಿಟ್ಟು
ಕದಿರೇಶನ್‌ಗೆ ಫೋನು ಮಾಡಿದೆ.